ಹಳೆಯ ಕಾರಿನ ಒಳಸದ್ದು ತಗ್ಗಿಸುವಿಕೆ

ಓಡುವ ಹಳೆಯ ಕಾರಿನೊಳಗೆ ನುಗ್ಗುವ ಗಾಳಿ ಮತ್ತು ರಸ್ತೆಯ ಸದ್ದನ್ನು ಕಡಿಮೆ ಮಾಡುವ ಕೆಲಸ. ಮಾರುತಿ 800ರಂತಹ (ತಯಾರಿಕೆ 1983–2014) ಹಗುರ ಕಾರುಗಳಿಗೆ ಇದರ ಅಗತ್ಯ ಹೆಚ್ಚು. ತೆಳು ತಗಡು ಸದ್ದನ್ನು ಅಷ್ಟಾಗಿ ತಡೆಯದು. ಆದರೂ ಮೊದಲ ಖರ್ಚು ತಗಡಿಗಲ್ಲ, ಬಾಗಿಲಿನ ರಬ್ಬರ್ ಬೀಡಿಂಗ್‌ಗೆ ಸಲ್ಲಬೇಕು. ಬಿಸಿಲು, ಓಝೋನ್‌ಗಳಿಂದ ರಬ್ಬರು ಗಡುಸಾಗಿ ಸಂದು ಬಿಡುತ್ತದೆ. ಮೇಲ್ಮೈಯ ನೂರರಲ್ಲೊಂದು ಪಾಲು ತೆರೆದಿದ್ದರೆ, ಉಳಿದದ್ದು ಎಷ್ಟೇ ದಪ್ಪವಿದ್ದರೂ ಒಟ್ಟು ತಡೆ 20 ಡೆಸಿಬಲ್ ದಾಟದು. ಬಾಗಿಲಿಗೆ ಸಿಕ್ಕಿಸಿದ ಕಾಗದ ಎಳೆದೊಡನೆ ಸಲೀಸಾಗಿ ಬಂದರೆ ಅಲ್ಲಿ ಬೀಡಿಂಗ್ ಸೋತಿದೆಯೆಂದೇ ಅರ್ಥ.

ಬೆಂಗಳೂರಿನ ಜಯನಗರ, ಬಿ.ಟಿ.ಎಂ. ಲೇಔಟ್‌ಗಳ ದಟ್ಟಣೆಯಲ್ಲಿ ತೆವಳುವ ಕಾರಿಗೆ ಗಾಳಿಯ ಸದ್ದೆಲ್ಲಿಂದ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದೇ ಸಂದಿನಿಂದ ಹಾರ್ನ್, ಬಸ್ಸಿನ ಎಂಜಿನ್ ಸದ್ದೂ ಒಳಬರುತ್ತವೆ. ಕನಕಪುರ ರಸ್ತೆಯಲ್ಲಿ ವೇಗ ಏರಿದಂತೆ ಟೈರಿನ ಸದ್ದು ಮೇಲುಗೈ ಪಡೆಯುತ್ತದೆ. ಗಡುಸಾದ, ಒಂದೇ ಸಮ ಸವೆಯದ ಟೈರು ಬದಲಿಸುವುದು ಎರಡನೆಯ ಹೆಜ್ಜೆ. ತಗಡಿಗೆ ಬ್ಯೂಟೈಲ್ ರಬ್ಬರಿನ ಹಾಳೆ ಅಂಟಿಸಿದರೆ ಬಾಗಿಲು ಗಟ್ಟಿಯಾಗಿ ಮುಚ್ಚಿದಂತೆ ಕೇಳಿಸುವುದು ನಿಜ. ಅದು ತಗಡಿನ ಕಂಪನವನ್ನು ಅಡಗಿಸುತ್ತದೆಯೇ ಹೊರತು ಸಂದನ್ನು ಮುಚ್ಚುವುದಿಲ್ಲ. ಹಾಗಾಗಿ ಅದರ ಸರದಿ ಕೊನೆಗೆ. ಹಾಳೆ ಹಾಕಿಸುವಾಗ ಬಾಗಿಲಡಿಯ ನೀರಿನ ತೂತುಗಳನ್ನು ಮುಚ್ಚಬಾರದು. ಮುಚ್ಚಿದರೆ ಮಳೆನೀರು ನಿಂತು ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ.