ವಾಕ್ಯವಿಚಾರ: ಇಂಗ್ಲಿಷಿನ ಉಪವಾಕ್ಯ ಬಳ್ಳಾರಿ ಸೀಮೆಗೆ ಬಂದ ಬಗೆ

ಇಂಗ್ಲಿಷ್ ವ್ಯಾಕರಣದಲ್ಲಿ ಕರ್ತೃವೊಂದು, ಅದಕ್ಕೆ ಹೊಂದುವ ಕ್ರಿಯಾಪದವೊಂದು ಕೂಡಿದ ಪದಸಮೂಹಕ್ಕೆ ಕ್ಲಾಜ್ ಎಂದು ಹೆಸರು. ತಾನೇ ತಾನಾಗಿ ನಿಲ್ಲುವುದು ಪ್ರಧಾನ ವಾಕ್ಯ, ಇನ್ನೊಂದನ್ನು ಆತುಕೊಂಡಿರುವುದು ಉಪವಾಕ್ಯ. ಒಂದೇ ಕ್ಲಾಜ್ ಇದ್ದರೆ ಸಿಂಪಲ್ ವಾಕ್ಯ, ಸಮಾನ ಕ್ಲಾಜುಗಳು ಜೋಡಿಯಾದರೆ ಕಾಂಪೌಂಡ್, ಪ್ರಧಾನದೊಳಗೆ ಉಪವಾಕ್ಯ ಸೇರಿಕೊಂಡರೆ ಕಾಂಪ್ಲೆಕ್ಸ್. ಆಡುವವರ ಉದ್ದೇಶ ನೋಡಿ ಹೇಳಿಕೆ, ಪ್ರಶ್ನೆ, ಆಜ್ಞೆ, ಉದ್ಗಾರ ಎಂದು ಇನ್ನೊಂದು ವಿಂಗಡಣೆಯೂ ಉಂಟು. ಹೊಸಪೇಟೆ, ಸಂಡೂರು, ಕಂಪ್ಲಿಯ ಹೈಸ್ಕೂಲುಗಳಲ್ಲಿ ಇದನ್ನು ಅನಾದಿ ಕಾಲದ ನಿಯಮದಂತೆ ಕಲಿಸಲಾಗುತ್ತದೆ. ಆದರೆ ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಎಂಬ ಮೂರು ಮನೆಗಳ ಚೌಕಟ್ಟು ಶಾಲಾಪುಸ್ತಕಗಳಲ್ಲಿ ನೆಲೆಯೂರಿದ್ದು 19ನೇ ಶತಮಾನದ ನಡುವಿನಿಂದೀಚೆಗೆ. ಅದು ಬಳ್ಳಾರಿ ಸೀಮೆಯನ್ನು ಮುಟ್ಟಿದ್ದು ಮಿಶನ್ ಶಾಲೆ ಮತ್ತು ಮದ್ರಾಸಿನ ಪರೀಕ್ಷೆಗಳ ಮೂಲಕ. ಕೊನೆಗೆ ಕನ್ನಡ ವ್ಯಾಕರಣದ ಪಾಠಕ್ಕೂ ಅದು ಇಳಿಯಿತು.

ಅದಕ್ಕೂ ಮೊದಲು ಇಲ್ಲಿ ವ್ಯಾಕರಣದ ವಿದ್ಯೆ ಇರಲಿಲ್ಲವೆಂದಲ್ಲ. 14ನೇ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿದ್ದ ಸಾಯಣರು 'ಮಾಧವೀಯ ಧಾತುವೃತ್ತಿ'ಯನ್ನು ರಚಿಸಿದರು. ಪಾಣಿನಿಯ ಧಾತುಪಾಠಕ್ಕೆ ಬರೆದ ವಿಸ್ತಾರವಾದ ವಿವರಣೆ ಅದು. ಅವರ ಅಣ್ಣ ಮಾಧವರ 'ಜೈಮಿನೀಯ ನ್ಯಾಯಮಾಲಾ' ಮೀಮಾಂಸೆಗೆ ಸೇರಿದ್ದು. ಈ ಎರಡು ಗ್ರಂಥಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಆ ಕಾಲದ ಕೆಲಸದ ಹಂಚಿಕೆ ಕಾಣುತ್ತದೆ. ಶಬ್ದ ಹೇಗೆ ಸಿದ್ಧವಾಗುತ್ತದೆ ಎನ್ನುವುದು ವೈಯಾಕರಣರ ಪಾಲು, ವಾಕ್ಯದ ಅರ್ಥ ಹೇಗೆ ಕೂಡಿಬರುತ್ತದೆ ಎನ್ನುವುದು ಹೆಚ್ಚಾಗಿ ಮೀಮಾಂಸಕರ, ನೈಯಾಯಿಕರ ಪಾಲು. ಹಾಗಿದ್ದೂ ವೈಯಾಕರಣರು ವಾಕ್ಯಕ್ಕೆ ಒಂದು ಗಟ್ಟಿಯಾದ ಲಕ್ಷಣ ಕೊಟ್ಟಿದ್ದರು. ಒಂದು ಪೂರ್ಣ ಕ್ರಿಯಾಪದ ಇದ್ದರೆ ಅದು ಒಂದು ವಾಕ್ಯ ಎನ್ನುವುದು ಕಾತ್ಯಾಯನನ ಮತ. ಈ ಮಾತು ಕನ್ನಡಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎನ್ನುವುದು ಮುಂದೆ ತಿಳಿಯುತ್ತದೆ.

ಕನ್ನಡದ ವ್ಯಾಕರಣಗಳೂ ಶಬ್ದದ ದಾರಿಯನ್ನೇ ಹಿಡಿದವು. 13ನೇ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಎಂಟು ಪ್ರಕರಣಗಳಿವೆ. ವಾಕ್ಯಕ್ಕೆಂದೇ ಒಂದು ಪ್ರಕರಣವಿಲ್ಲ. 1604ರಲ್ಲಿ ಭಟ್ಟಾಕಳಂಕದೇವ ಸಂಸ್ಕೃತದಲ್ಲಿ ಬರೆದ 'ಕರ್ಣಾಟಕ ಶಬ್ದಾನುಶಾಸನ' 592 ಸೂತ್ರಗಳ ಗ್ರಂಥ, ಅದೂ ಹೆಸರಿಗೆ ತಕ್ಕಂತೆ ಶಬ್ದದ ಶಾಸ್ತ್ರವೇ. ಲಕ್ಷಣ ಬರೆಯುವವರು ಬಿಟ್ಟಿದ್ದನ್ನು ಕಲ್ಲು ಕಡೆಯುವವರು ಮಾತ್ರ ಬಿಡಲಿಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಹೊತ್ತಿನ, ಶಕ 1430ರ ಶಾಸನವಿದೆ. ರಾಯನು ರಂಗಮಂಟಪ ಕಟ್ಟಿಸಿದ್ದನ್ನು ಅದು ದಾಖಲಿಸುತ್ತದೆ. ಇಂಥ ಶಾಸನಗಳ ಗದ್ಯದಲ್ಲಿ ತಿಥಿ, ವಾರ, ಬಿರುದು, ಊರು, ಎಲ್ಲೆಗಳೆಲ್ಲ ಸಾಲುಗಟ್ಟಿ ಬರುತ್ತವೆ. ಕೃದಂತಗಳು ಒಂದಕ್ಕೊಂದು ಕೊಂಡಿಯಾಗಿ ಸಾಗಿ ತುದಿಯಲ್ಲೊಂದು ಕ್ರಿಯಾಪದಕ್ಕೆ ನಿಲ್ಲುವುದು ಅವುಗಳ ರೂಢಿ. ದೀರ್ಘ ವಾಕ್ಯದ ಕಸುಬು ಕನ್ನಡಕ್ಕೆ ಹೊಸದಲ್ಲ. ಅದನ್ನು ಪಾಠವಾಗಿ ವಿವರಿಸುವ ಕ್ರಮ ಮಾತ್ರ ಹೊಸದು.

1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹೊಸಪೇಟೆ, ಕಂಪ್ಲಿ, ಹಂಪಿ ಮದ್ರಾಸ್ ಆಡಳಿತಕ್ಕೆ ಬಂದವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿ ಉಳಿದು, 1949ರಲ್ಲಷ್ಟೇ ಮದ್ರಾಸ್ ಪ್ರಾಂತಕ್ಕೆ ಸೇರಿತು. ಕಂಪನಿ ಸರ್ಕಾರ ಶಾಲೆಗಳ ಲೆಕ್ಕ ಕೇಳಿದಾಗ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಕಳಿಸಿದ ವರದಿ ಇಂದಿಗೂ ಓದಬೇಕಾದ ದಾಖಲೆ. ಜಿಲ್ಲೆಯಲ್ಲಿ ಒಟ್ಟು 533 ಶಾಲೆಗಳಿದ್ದವು, 6,641 ಮಕ್ಕಳು ಓದುತ್ತಿದ್ದರು. ಕನ್ನಡದ ಶಾಲೆಗಳು 235, ತೆಲುಗಿನವು 226. ಉಳಿದವು ಮರಾಠಿ, ಪಾರ್ಸಿ, ಸಂಸ್ಕೃತ, ತಮಿಳಿನವು. ಇಂಗ್ಲಿಷಿನದು ಒಂದೇ ಒಂದು.

ಕ್ಯಾಂಬೆಲ್ ಸ್ವತಃ 1816ರಲ್ಲಿ ತೆಲುಗು ವ್ಯಾಕರಣ ಬರೆದವರು. ಆದ್ದರಿಂದ ಮಕ್ಕಳ ಕೈಯಲ್ಲಿ ಯಾವ ಪುಸ್ತಕ ಇದೆ ಎಂದು ಅವರ ಕಣ್ಣು ಹುಡುಕಿದೆ. ಅಮರ, ನಿಘಂಟು ಮುಂತಾದವುಗಳ ಜೊತೆಗೆ 'ಶಬ್ದಮಣಿದರ್ಪಣ'ದ ಹೆಸರೂ ಅವರ ಪಟ್ಟಿಯಲ್ಲಿದೆ. ಅದು ಅಚ್ಚಾಗುವುದಕ್ಕೆ ಇನ್ನೂ ನಾಲ್ಕು ದಶಕ ಬಾಕಿಯಿದ್ದ ಕಾಲ. ಮಕ್ಕಳು ಬಾಯಿಪಾಠ ಮಾಡುವ ಪದ್ಯದ ಭಾಷೆ ಬೇರೆ, ಆಡುವ ಭಾಷೆ ಬೇರೆ, ಅರ್ಥ ತಿಳಿಯದೆ ಒಪ್ಪಿಸುತ್ತಾರೆ ಎಂಬುದು ಅವರ ಅಸಮಾಧಾನ. ಈ ಅಸಮಾಧಾನದಲ್ಲಿ ಅಧಿಕಾರಿಯ ಗತ್ತಿಗಿಂತ ಮೇಷ್ಟರ ಕಾಳಜಿ ಹೆಚ್ಚಿಗೆ ಕಾಣುತ್ತದೆ. ಸರ್ಕಾರ ಈ ಶಾಲೆಗಳಿಗೆ ಏನೂ ಕೊಡುತ್ತಿಲ್ಲ ಎಂಬುದನ್ನೂ ಅವರು ನಾಚಿಕೆಯಿಂದಲೇ ಬರೆದಿದ್ದಾರೆ.

ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿಗೆ ಬಂದಿದ್ದರು. ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ತೊಡಗಿದರು. ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಸೆರಾಂಪುರದಿಂದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ, ಮದ್ರಾಸಿನಿಂದ ಜಾನ್ ಮೆಕೆರೆಲ್ ಅವರದು 1820ರಲ್ಲಿ ಬಂದಿದ್ದವು. 1838ರಲ್ಲಿ ಕೃಷ್ಣಮಾಚಾರ್ಯರ 'ಹೊಸಗನ್ನಡ ನುಡಿಗನ್ನಡಿ' ಹೊಸಗನ್ನಡವನ್ನೇ ಮುಂದಿಟ್ಟುಕೊಂಡು ವ್ಯಾಕರಣ ಹೇಳಿತು. 1846ರಲ್ಲಿ ಬಳ್ಳಾರಿಯಲ್ಲಿ ಶುರುವಾದ ವಾರ್ಡ್ಲಾ ಶಾಲೆ ಇಡೀ ಜಿಲ್ಲೆಗೆ ಇಂಗ್ಲಿಷ್ ಓದಿನ ಬಾಗಿಲಾಯಿತು.

ಆಗಿನ ಇಂಗ್ಲಿಷ್ ವ್ಯಾಕರಣ ಎಂದರೆ ಲಿಂಡ್ಲಿ ಮರೆಯ 1795ರ ಪುಸ್ತಕ. ಅದರಲ್ಲಿ ವಾಕ್ಯಗಳು ಎರಡೇ ಬಗೆ: ಸಿಂಪಲ್, ಕಾಂಪೌಂಡ್. ಮೂರನೆಯ ಮನೆ ಕಟ್ಟಿಸಿದ್ದು ಜರ್ಮನ್ ಪಂಡಿತ ಕಾರ್ಲ್ ಫರ್ಡಿನಂಡ್ ಬೆಕರ್ ಅವರ ಚಿಂತನೆ. ಅದನ್ನು ಇಂಗ್ಲಿಷ್ ಶಾಲೆಗಳಿಗೆ ಒಗ್ಗಿಸಿದವರು ಶಾಲಾ ಇನ್‌ಸ್ಪೆಕ್ಟರ್ ಜೆ. ಡಿ. ಮೊರೆಲ್, 1852ರ ತಮ್ಮ ವಾಕ್ಯವಿಶ್ಲೇಷಣೆಯ ಪುಸ್ತಕದಲ್ಲಿ. ನಾಮಪದದ ಕೆಲಸ ಮಾಡುವ ಉಪವಾಕ್ಯ, ವಿಶೇಷಣದ ಕೆಲಸ ಮಾಡುವುದು, ಕ್ರಿಯಾವಿಶೇಷಣದ ಕೆಲಸ ಮಾಡುವುದು ಎಂಬ ವಿಂಗಡಣೆ ಶಾಲೆಗಳಲ್ಲಿ ಹಬ್ಬಿದ್ದು ಈ ಪರಂಪರೆಯಿಂದ. ಐದು ವರ್ಷಕ್ಕೆ, 1857ರಲ್ಲಿ, ಮದ್ರಾಸ್ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮೆಟ್ರಿಕ್ಯುಲೇಶನ್ ಪಾಸಾದವರಿಗೆ ಕಚೇರಿ ನೌಕರಿ ಸಿಗುವಂತಾದ ಮೇಲೆ ವಾಕ್ಯ ಒಡೆಯುವ ವಿದ್ಯೆಗೆ ಬೆಲೆ ಬಂತು.

ಈ ವಿದ್ಯೆಯನ್ನು ಭಾರತದ ಮನೆಮನೆಗೆ ಮುಟ್ಟಿಸಿದ್ದು ಜೆ. ಸಿ. ನೆಸ್‌ಫೀಲ್ಡ್. ಉತ್ತರ ಭಾರತದ ಶಿಕ್ಷಣ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಅವರ ಪುಸ್ತಕಗಳನ್ನು 1890ರ ದಶಕದಲ್ಲಿ ಮ್ಯಾಕ್‌ಮಿಲನ್ ಪ್ರಕಟಿಸಿತು. ನೆಸ್‌ಫೀಲ್ಡ್ ಕ್ರಮದಲ್ಲಿ ವಾಕ್ಯವನ್ನು ಗೆರೆ ಎಳೆದ ಕೋಷ್ಟಕಕ್ಕೆ ಇಳಿಸಬೇಕು. ಕರ್ತೃ ಒಂದು ಕಂಬದಲ್ಲಿ, ಕರ್ತೃವಿನ ವಿಶೇಷಣ ಇನ್ನೊಂದರಲ್ಲಿ. ಆಮೇಲೆ ಕ್ರಿಯಾಪದ, ಕರ್ಮ, ಪೂರಕ, ಕೊನೆಗೆ ಕ್ರಿಯೆಯ ವಿಸ್ತರಣೆ. 1930ರ ದಶಕದ ನಡುವೆ ಬಂದ ರೆನ್ ಮತ್ತು ಮಾರ್ಟಿನ್ ಅವರ ಹೈಸ್ಕೂಲ್ ವ್ಯಾಕರಣ ಈ ಸಂಪ್ರದಾಯವನ್ನೇ ಮುಂದುವರಿಸಿತು. 'ಬೋ ಜೆಸ್ಟ್' ಕಾದಂಬರಿಯಿಂದ ಹೆಸರಾದ ಪಿ. ಸಿ. ರೆನ್ ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ದುಡಿದವರು. ಕೆಂಪು ರಟ್ಟಿನ ಆ ಪುಸ್ತಕ ಇವತ್ತಿಗೂ ಅಂಗಡಿಗಳಲ್ಲಿ ಸಿಗುತ್ತದೆ.

ಕೋಷ್ಟಕದ ವಿಧಾನ ಇಂಗ್ಲಿಷಿಗೆ ಒಪ್ಪುವ ಕಾರಣ ಸರಳ. ಇಂಗ್ಲಿಷ್ ತನ್ನ ಉಪವಾಕ್ಯಗಳಲ್ಲಿ ಬಹುಮಟ್ಟಿಗೆ ಪೂರ್ಣ ಕ್ರಿಯಾಪದವನ್ನೇ ಇಡುತ್ತದೆ. ವಿಚ್, ದಟ್, ವೆನ್, ಬಿಕಾಸ್ ಮುಂತಾದ ಮಾತುಗಳು ಬೇಲಿಗಂಬದಂತೆ ಎಲ್ಲೆ ತೋರಿಸುತ್ತವೆ. ಕನ್ನಡದ ಜಾಯಮಾನ ಅದಲ್ಲ. ರಾಬರ್ಟ್ ಕಾಲ್ಡ್‌ವೆಲ್ 1856ರ ತಮ್ಮ ತೌಲನಿಕ ವ್ಯಾಕರಣದಲ್ಲಿ ದ್ರಾವಿಡ ಭಾಷೆಗಳು ಇಂಗ್ಲಿಷಿನ ವಿಚ್‌ನಂಥ ಸರ್ವನಾಮವಿಲ್ಲದೆ ಕೃದಂತದಿಂದಲೇ ಆ ಕೆಲಸ ತೆಗೆಯುತ್ತವೆ ಎಂದು ವಿವರಿಸಿದ್ದರು.

ಹೊಸಪೇಟೆಯವರಿಗೆ ಮರೆಯಲಾಗದ ಒಂದು ಘಟನೆಯಲ್ಲೇ ಇದನ್ನು ನೋಡಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ವಾರದೊಳಗೆ ಆ ಜಾಗಕ್ಕೆ ಸ್ಟಾಪ್‌ಲಾಗ್ ಇಳಿಸುವ ಕೆಲಸ ನಡೆಯಿತು. "ಚೈನ್ ತುಂಡಾಗಿ ಕೊಚ್ಚಿಹೋದ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಇಳಿಸಿದರು" ಎಂದು ಕನ್ನಡದಲ್ಲಿ ಒಂದೇ ಉಸಿರಿಗೆ ಹೇಳಬಹುದು. ಇದರಲ್ಲಿ 'ಇಳಿಸಿದರು' ಒಂದೇ ಪೂರ್ಣ ಕ್ರಿಯಾಪದ. 'ತುಂಡಾಗಿ' ಎಂಬ ಅವ್ಯಯ ಕೃದಂತವೂ 'ಕೊಚ್ಚಿಹೋದ' ಎಂಬ ವಿಶೇಷಣ ಕೃದಂತವೂ ಅದರ ಹಿಂದೆ ಬರುತ್ತವೆ. ಇಂಗ್ಲಿಷಿನಲ್ಲಿ ಇದೇ ಮಾತು "ದೇ ಲೋವರ್ಡ್ ಎ ಸ್ಟಾಪ್‌ಲಾಗ್ ಇನ್ ಪ್ಲೇಸ್ ಆಫ್ ದಿ ಗೇಟ್ ವಿಚ್ ಹ್ಯಾಡ್ ಬೀನ್ ವಾಷ್ಡ್ ಅವೇ ವೆನ್ ಇಟ್ಸ್ ಚೈನ್ ಸ್ನ್ಯಾಪ್ಡ್" ಎಂದಾಗುತ್ತದೆ. ಮೂರು ಕ್ಲಾಜು, ಮೂರು ಕ್ರಿಯಾಪದ. ಕ್ರಮವೂ ತಿರುಗುಮುರುಗು: ಕನ್ನಡದಲ್ಲಿ ಮೊದಲು ಬಂದ ಚೈನು ಇಂಗ್ಲಿಷಿನಲ್ಲಿ ಕೊನೆಗೆ ಹೋಗಿದೆ, ಕೊನೆಯಲ್ಲಿದ್ದ ಇಳಿಸುವಿಕೆ ಮೊದಲಿಗೆ ಬಂದಿದೆ.

ಕಾತ್ಯಾಯನನ ಲಕ್ಷಣ ಹಿಡಿದರೆ ಆ ಕನ್ನಡ ಮಾತು ಒಂದೇ ವಾಕ್ಯ. ಮೊರೆಲ್ ಲೆಕ್ಕದಲ್ಲಿ ಅದರ ಇಂಗ್ಲಿಷ್ ರೂಪ ಕಾಂಪ್ಲೆಕ್ಸ್. ಹಾಗಾದರೆ ಕನ್ನಡ ರೂಪ ಸಾಮಾನ್ಯ ವಾಕ್ಯವೋ ಮಿಶ್ರ ವಾಕ್ಯವೋ? ಈ ಪ್ರಶ್ನೆ ನಿಜಕ್ಕೂ ಕಠಿಣವಾದದ್ದು. ಕರ್ನಾಟಕದ ಹೈಸ್ಕೂಲ್ ಕನ್ನಡ ಪಾಠಗಳಲ್ಲಿ ಸಾಮಾನ್ಯ, ಸಂಯೋಜಿತ, ಮಿಶ್ರ ಎಂದು ವಾಕ್ಯಗಳನ್ನು ಮೂರಾಗಿ ಹೇಳಲಾಗುತ್ತದೆ. ಕೇಶಿರಾಜನಲ್ಲಿ ಇಲ್ಲದ ಈ ವಿಂಗಡಣೆ ಇಂಗ್ಲಿಷಿನ ಮೂರು ಮನೆಗಳ ನೇರ ಪಡಿಯಚ್ಚು. ಅದು ಬಂದದ್ದರಿಂದ ಕನ್ನಡ ವ್ಯಾಕರಣಕ್ಕೆ ವಾಕ್ಯ ಎಂಬ ವಿಷಯವೇ ಪಾಠವಾಗಿ ಸಿಕ್ಕಿತು, ಇದು ದೊಡ್ಡ ಲಾಭ. ಆದರೆ ಕೃದಂತಗಳು ಮಾಡುವ ಕೆಲಸವನ್ನು ಎಣಿಕೆಗೆ ತೆಗೆದುಕೊಳ್ಳಬೇಕೋ ಬೇಡವೋ ಎಂಬ ಗೊಂದಲ ಹಾಗೇ ಉಳಿಯಿತು. "ಯಾರು ಓದುತ್ತಾರೋ ಅವರು ಪಾಸಾಗುತ್ತಾರೆ" ಎನ್ನುವಂಥ ವಾಕ್ಯದಲ್ಲಿ ಎರಡು ಪೂರ್ಣ ಕ್ರಿಯಾಪದಗಳಿರುವುದರಿಂದ ಮಿಶ್ರ ವಾಕ್ಯದ ಲಕ್ಷಣ ಸಲೀಸಾಗಿ ಕೂರುತ್ತದೆ. "ಓದಿದವರು ಪಾಸಾಗುತ್ತಾರೆ" ಎಂದರೂ ಅರ್ಥ ಅದೇ, ಲಕ್ಷಣ ಮಾತ್ರ ಜಾರುತ್ತದೆ.

ಈ ಗೊಂದಲವನ್ನು ಬೇರುಮಟ್ಟದಲ್ಲಿ ಎದುರಿಸಿದವರು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್. 1978ರಲ್ಲೇ ಕನ್ನಡ ವಾಕ್ಯಗಳ ಒಳರಚನೆಯ ಮೇಲೆ ಪುಸ್ತಕ ಬರೆದಿದ್ದ ಅವರು, 2000ದಲ್ಲಿ ಬಂದ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ'ದಲ್ಲಿ ಸಂಸ್ಕೃತದ ಅಚ್ಚಿಗೆ ಕನ್ನಡವನ್ನು ಎರೆಯುವುದನ್ನು ಪ್ರಶ್ನಿಸಿದರು. 1991ರ ಇಂಗ್ಲಿಷ್ ಗ್ರಂಥವೊಂದರಲ್ಲಿ ಅವರು ಇನ್ನೂ ಮುಂದೆ ಹೋಗಿ, ಸಬ್ಜೆಕ್ಟ್ ಎಂಬ ಪರಿಕಲ್ಪನೆಯೇ ಎಲ್ಲ ಭಾಷೆಗಳಿಗೂ ಅನಿವಾರ್ಯವಲ್ಲ ಎಂದು ಕನ್ನಡದ ಆಧಾರದಿಂದ ವಾದಿಸಿದರು. "ನನಗೆ ಹಸಿವಾಗಿದೆ" ಎಂಬ ದಿನಬಳಕೆಯ ಮಾತನ್ನು ನೆಸ್‌ಫೀಲ್ಡ್ ಕೋಷ್ಟಕಕ್ಕೆ ಹಾಕಲು ಹೊರಟವರಿಗೆ ಈ ವಾದದ ಬಿಸಿ ತಟ್ಟುತ್ತದೆ. ಇಂಗ್ಲಿಷಿನಲ್ಲಿ ಹಸಿದವನೇ ಕರ್ತೃ, ಕನ್ನಡದಲ್ಲಿ ಅವನಿಗೆ ಚತುರ್ಥಿ. ಕಾಸರಗೋಡು ಕಡೆಯಿಂದ ಬಂದು ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯಲ್ಲಿ ಪಾಠ ಹೇಳಿದ ಕವಿ ಕೆ. ವಿ. ತಿರುಮಲೇಶ್, ಕನ್ನಡದ ವಿಸ್ತಾರವಾದ ವರ್ಣನಾತ್ಮಕ ವ್ಯಾಕರಣವನ್ನು 1990ರಲ್ಲಿ ಇಂಗ್ಲಿಷಿನಲ್ಲಿ ಕೊಟ್ಟ ಎಸ್. ಎನ್. ಶ್ರೀಧರ್, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಭಾಷೆಯ ಬಗ್ಗೆ ಬೋಧಿಸಿ ಬರೆದ ಕೆ. ವಿ. ನಾರಾಯಣ, ಇವರೆಲ್ಲ ಕನ್ನಡದ ರಚನೆಯನ್ನು ಕನ್ನಡದೊಳಗಿನಿಂದಲೇ ನೋಡುವ ದಾರಿಯನ್ನು ಅಗಲ ಮಾಡಿದರು. 1991ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯ ಸಾಯಣರ ಕಾಲದ ರಾಜಧಾನಿಯ ನೆಲದಲ್ಲೇ ಇದೆ. ಅಲ್ಲಿ ಈಗ ವಾಕ್ಯದ ವಿಚಾರ ನಡೆಯುತ್ತದೆ.

ಶಾಲೆಯ ಇಂಗ್ಲಿಷ್ ಪಾಠ ಮಾತ್ರ ಬೇರೆ ದಾರಿ ಹಿಡಿಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾಗಿ ಮೇಷ್ಟರುಗಳ ತರಬೇತಿ ನಡೆಸಿತು. ಗೆರೆ ಎಳೆದು ಒಡೆಯುವುದರ ಬದಲು ವಾಕ್ಯದ ಮಾದರಿಗಳನ್ನು ಮತ್ತೆ ಮತ್ತೆ ಆಡಿಸಿ ರೂಢಿ ಮಾಡಿಸುವ ಕ್ರಮ ಬಂತು. ಪರೀಕ್ಷೆಯಲ್ಲಿ ಉಳಿದದ್ದು ರಿಪೋರ್ಟೆಡ್ ಸ್ಪೀಚ್, ಪ್ಯಾಸಿವ್ ವಾಯ್ಸ್, ಕ್ವೆಶ್ಚನ್ ಟ್ಯಾಗ್.

ಮಕ್ಕಳು ಎಡವುವ ಜಾಗಗಳು ಹಳೆಯವೇ. "ಬಸ್ ಬಂತೇನ್ರೀ?" ಎಂದು ಕೇಳುವ ಊರಲ್ಲಿ ಪ್ರಶ್ನೆ ಕ್ರಿಯಾಪದದ ಬಾಲಕ್ಕೆ ಅಂಟುತ್ತದೆ, ಪದಗಳ ಜಾಗ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಸಹಾಯಕ ಕ್ರಿಯಾಪದ ಮುಂದಕ್ಕೆ ನೆಗೆಯಬೇಕು. ಅದೇ ಪ್ರಶ್ನೆ ಉಪವಾಕ್ಯವಾಗಿ ಒಳಗೆ ಹೋದರೆ ಮತ್ತೆ ಹಿಂದಕ್ಕೆ ಸರಿಯಬೇಕು. "ಐ ಡೋಂಟ್ ನೋ ವೇರ್ ಈಸ್ ದಿ ಬಸ್" ಎಂಬ ತಪ್ಪು ಹುಟ್ಟುವುದು ಇಲ್ಲೇ. "ಅಲ್ವಾ?" ಎಂಬ ಒಂದೇ ಮಾತಿನಿಂದ ಎಲ್ಲ ಹೇಳಿಕೆಗೂ ಒಪ್ಪಿಗೆ ಕೇಳುವವರಿಗೆ ಈಸಂಟ್ ಇಟ್, ಡಿಡಂಟ್ ದೇ, ವೋಂಟ್ ಯು ಎಂದು ಕರ್ತೃವಿಗೆ, ಕಾಲಕ್ಕೆ ತಕ್ಕಂತೆ ಟ್ಯಾಗ್ ಬದಲಿಸುವುದು ಕಷ್ಟ. ಆಜ್ಞೆಯಲ್ಲಿ ಬಾ, ಬರ್ರಿ ಎಂದು ಎದುರಿನವರನ್ನು ನೋಡಿ ಮಾತಾಡುವ ಮಗುವಿಗೆ ಎಲ್ಲರಿಗೂ ಕಮ್ ಎನ್ನುವುದು ಒರಟಾಗಿ ಕೇಳಿಸುತ್ತದೆ. ಪ್ಲೀಸ್ ಬರುವುದು ಆ ಕೊರತೆ ತುಂಬಲು.

ಈ ಸೀಮೆಯ ಮಗುವಿನ ಕಿವಿಗೆ ಬೀಳುವುದು ಕನ್ನಡ ಒಂದೇ ಅಲ್ಲ. ತೆಲುಗು ಎಲ್ಲ ಕಡೆ ಇದೆ, ಸಂಡೂರು ಸುತ್ತಿನ ತಾಂಡಾಗಳಲ್ಲಿ ಲಂಬಾಣಿ ಇದೆ, ಪೇಟೆಗಳಲ್ಲಿ ದಖನಿ ಉರ್ದು ಇದೆ. "ನಾಳೆ ಬರ್ತೀನಿ ಅಂತ ಹೇಳಿದ" ಎನ್ನುವಲ್ಲಿ 'ಅಂತ' ಉಪವಾಕ್ಯದ ತುದಿಯಲ್ಲಿ ನಿಂತು ಅದನ್ನು ಪ್ರಧಾನಕ್ಕೆ ಕಟ್ಟುತ್ತದೆ. ಉತ್ತರದ ಉರ್ದು ಅದಕ್ಕೆ 'ಕಿ' ಎಂಬ ಮಾತನ್ನು ಉಪವಾಕ್ಯದ ಮುಂದಿಡುತ್ತದೆ, ಇಂಗ್ಲಿಷಿನ ದಟ್ ಹಾಗೆ. ದಖನಿಯಲ್ಲಿ ಮಾತ್ರ 'ಬೋಲ್‌ಕೆ' ಎಂಬ ಮಾತು ಉಪವಾಕ್ಯದ ಕೊನೆಗೆ ಬರುತ್ತದೆ. ಇದನ್ನು ದ್ರಾವಿಡ ಭಾಷೆಗಳ ನೆರೆಹೊರೆಯಿಂದ ಬಂದ ರಚನೆ ಎಂದು ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ. ಹೀಗಾಗಿ ಹೊಸಪೇಟೆಯ ಒಂದೇ ಬೆಂಚಿನ ಮೇಲೆ ಕೂತ ಕನ್ನಡದ ಹುಡುಗಿ, ತೆಲುಗಿನ ಹುಡುಗ, ದಖನಿಯ ಹುಡುಗಿ ಮೂವರಿಗೂ ದಟ್ ಕಲಿಯುವಾಗಿನ ತೊಡಕು ಹೆಚ್ಚುಕಡಿಮೆ ಒಂದೇ: ಮನೆಯ ಮಾತಿನಲ್ಲಿ ಕೊನೆಗೆ ಬರುವುದನ್ನು ಇಂಗ್ಲಿಷಿನಲ್ಲಿ ಮೊದಲಿಗೆ ತರಬೇಕು.