ಎಸಿಗೆ ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕೇ? ಕಡಲ ತೀರದ ಮನೆಗಳಲ್ಲಿ ಕಾಯಿಲ್ ಬದಲಿಸುವ ಖರ್ಚಿನ ಲೆಕ್ಕ

ಬೇಸಿಗೆ ಶುರುವಾಯಿತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಎಸಿ ಕುರಿತ ಸಂದೇಶಗಳು ಓಡಾಡತೊಡಗುತ್ತವೆ. ‘ಪ್ರತಿ ವರ್ಷ ಗ್ಯಾಸ್ ತುಂಬಿಸಿ, ಇಲ್ಲದಿದ್ದರೆ ಕಂಪ್ರೆಸರ್ ಹಾಳಾಗುತ್ತದೆ’ ಎನ್ನುವುದು ಒಂದು. ‘ಕಾಪರ್ ಕಾಯಿಲ್ ಇರುವ ಎಸಿ ಕೊಂಡರೆ ಕಡಲ ತೀರದಲ್ಲೂ ಚಿಂತೆ ಇಲ್ಲ’ ಎನ್ನುವುದು ಇನ್ನೊಂದು. ಎರಡೂ ಅರ್ಧ ಸತ್ಯದ ಮಾತುಗಳು. ಇವನ್ನು ನಂಬಿದ ಮನೆಯವರು ಪ್ರತಿ ಮಾರ್ಚ್ ತಿಂಗಳಲ್ಲಿ ಮೂರು ಸಾವಿರ ರೂಪಾಯಿ ಕೊಟ್ಟು, ಮುಂದಿನ ಮಾರ್ಚ್‌ಗೆ ಮತ್ತೆ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾರೆ.

ಕುಂದಾಪುರದ ಕೋಡಿಯಂಥ ಊರಿನಲ್ಲಿ ಈ ಪ್ರಶ್ನೆಗೆ ಹೆಚ್ಚು ತೂಕವಿದೆ. ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಹಿನ್ನೀರು, ನಡುವೆ ಮನೆಗಳು. ಗೇಟು, ಕಿಟಕಿ ಸರಳು, ಬೈಕಿನ ಚೈನು ಬೇಗ ತುಕ್ಕು ಹಿಡಿಯುವುದನ್ನು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಗಾಳಿ ಎಸಿಯ ಒಳಗೆ ಏನು ಮಾಡುತ್ತದೆ, ಅದನ್ನು ಸರಿಪಡಿಸಲು ಎಷ್ಟು ಖರ್ಚು, ಯಾವಾಗ ಆ ಖರ್ಚು ಮಾಡಬಾರದು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಚುಟುಕಾಗಿ ಹೇಳುವುದಾದರೆ

ಎಸಿಯ ಗ್ಯಾಸ್ ಬಳಸಿದಂತೆ ಖಾಲಿಯಾಗುವುದಿಲ್ಲ. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸುವುದು ತೂತಾದ ಕೊಡಪಾನಕ್ಕೆ ನೀರು ಹೊತ್ತ ಹಾಗೆ.

ಗ್ಯಾಸ್ ಎಲ್ಲಿಗೆ ಹೋಗುತ್ತದೆ?

ಅಡುಗೆ ಗ್ಯಾಸ್ ಉರಿದು ಮುಗಿಯುತ್ತದೆ, ಹಾಗಾಗಿ ಸಿಲಿಂಡರ್ ಬದಲಿಸುತ್ತೇವೆ. ಎಸಿಯ ಗ್ಯಾಸ್ ಉರಿಯುವುದಕ್ಕೆ ಇರುವುದಲ್ಲ. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಒಳಗಿನ ಯೂನಿಟ್‌ನಲ್ಲಿ ಕೋಣೆಯ ಬಿಸಿಯನ್ನು ಹೀರಿಕೊಂಡು, ಹೊರಗಿನ ಯೂನಿಟ್‌ನಲ್ಲಿ ಆ ಬಿಸಿಯನ್ನು ಬಿಟ್ಟು, ಮತ್ತೆ ಒಳಗೆ ಬರುತ್ತದೆ. ಕಂಪನಿಯಲ್ಲಿ ತುಂಬಿದ ಅದೇ ಗ್ಯಾಸ್ ಎಸಿ ಇರುವಷ್ಟು ಕಾಲ ಸಾಕಾಗಬೇಕು. ಎಷ್ಟು ತುಂಬಿದ್ದಾರೆ ಎಂಬುದು ಹೊರಗಿನ ಯೂನಿಟ್‌ನ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಗ್ರಾಂ ಅಥವಾ ಕಿಲೋ ಲೆಕ್ಕದಲ್ಲಿ ಬರೆದಿರುತ್ತದೆ.

ಹೀಗೆ ಬಿಸಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವ ಭಾಗವೇ ಕಾಯಿಲ್. ಒಳಗೊಂದು, ಹೊರಗೊಂದು. ತೆಳುವಾದ ಕೊಳವೆ, ಅದರ ಸುತ್ತ ನೂರಾರು ಅಲ್ಯೂಮಿನಿಯಂ ತಗಡಿನ ಪದರ. ಬಿಸಿ ಬೇಗ ದಾಟಲೆಂದು ಕೊಳವೆಯ ಗೋಡೆಯನ್ನು ತೆಳ್ಳಗೆ ಮಾಡಿರುತ್ತಾರೆ. ಆದರೆ ಒಳಗಿನ ಒತ್ತಡ ತೆಳ್ಳಗಿಲ್ಲ. ಈಗಿನ ಎಸಿಗಳಲ್ಲಿ ಬಳಸುವ ಆರ್-32 ಗ್ಯಾಸ್, ಬೇಸಿಗೆಯಲ್ಲಿ ಹೊರಗಿನ ಕಾಯಿಲ್‌ನೊಳಗೆ ಕಾರಿನ ಟೈರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಒತ್ತಡದಲ್ಲಿರುತ್ತದೆ. ಸೂಜಿಮೊನೆಯಷ್ಟು ತೂತು ಬಿದ್ದರೂ ಸಾಕು.

ಕಡಲ ಗಾಳಿ ಮಾಡುವ ಕೆಲಸ

ಅಲೆ ಒಡೆದಾಗ ಹಾರುವ ಹನಿಗಳಲ್ಲಿ ಉಪ್ಪಿರುತ್ತದೆ. ಗಾಳಿ ಅದನ್ನು ಹೊತ್ತು ತಂದು ಮನೆಯ ಗೋಡೆ, ಗ್ರಿಲ್, ಎಸಿಯ ಮೇಲೆ ಕೂರಿಸುತ್ತದೆ. ತೀರದಿಂದ ಮೊದಲ ಕೆಲವು ನೂರು ಮೀಟರ್‌ಗಳಲ್ಲಿ ಇದು ಅತಿ ಹೆಚ್ಚು, ಒಳನಾಡಿಗೆ ಹೋದಂತೆ ಬೇಗ ಕಡಿಮೆಯಾಗುತ್ತದೆ. ಹಾಗಾಗಿ ಕೋಡಿಯ ಎಸಿಗೂ ಸಿದ್ದಾಪುರ ಕಡೆಯ ಎಸಿಗೂ ಒಂದೇ ಆಯಸ್ಸು ನಿರೀಕ್ಷಿಸುವಂತಿಲ್ಲ.

ಅಡುಗೆಮನೆಯ ಉಪ್ಪು ಮಳೆಗಾಲದಲ್ಲಿ ನೀರೊಡೆಯುವುದನ್ನು ನೋಡಿದ್ದೀರಿ. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗುತ್ತದೆ. ಕರಾವಳಿಯಲ್ಲಿ ಇಷ್ಟು ತೇವ ಸಾಮಾನ್ಯ. ತಾಮ್ರದ ಕೊಳವೆ, ಅಲ್ಯೂಮಿನಿಯಂ ತಗಡು, ನಡುವೆ ಉಪ್ಪು ನೀರು ಸೇರಿದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಸಿದ್ಧವಾಗುತ್ತದೆ. ಈ ಬ್ಯಾಟರಿಯಲ್ಲಿ ಸವೆಯುವುದು ಅಲ್ಯೂಮಿನಿಯಂ. ಹೊರಗಿನ ಯೂನಿಟ್‌ನ ಹಿಂಬದಿಯಲ್ಲಿ ಬಿಳಿ ಪುಡಿ ಉದುರುತ್ತಿದ್ದರೆ, ಮುಟ್ಟಿದರೆ ತಗಡು ಬಿಸ್ಕತ್ತಿನಂತೆ ಮುರಿಯುತ್ತಿದ್ದರೆ ಕಾರಣ ಇದೇ. ತಗಡು ಹೋದ ಮೇಲೆ ಬಿಸಿ ಹೊರಹೋಗುವುದಿಲ್ಲ, ಕಂಪ್ರೆಸರ್‌ಗೆ ಹೊರೆ ಹೆಚ್ಚುತ್ತದೆ, ಕರೆಂಟ್ ಬಿಲ್ ಏರುತ್ತದೆ. ಕ್ರಮೇಣ ಕೊಳವೆಯೂ ಅಲ್ಲಲ್ಲಿ ಕೊರೆಯುತ್ತದೆ.

ಹಾಗಿದ್ದರೆ ‘ಕಾಪರ್ ಇದ್ದರೆ ಚಿಂತೆ ಇಲ್ಲ’ ಎಂಬ ಮಾತು? ತಾಮ್ರ ಒಳ್ಳೆಯದೇ, ರಿಪೇರಿಗೂ ಸುಲಭ. ಆದರೆ ಕೊಳವೆ ತಾಮ್ರದ್ದಾದರೂ ತಗಡು ಸಾಮಾನ್ಯವಾಗಿ ಅಲ್ಯೂಮಿನಿಯಂನದ್ದೇ. ನೀಲಿ ಲೇಪನವಿರುವ ‘ಬ್ಲೂ ಫಿನ್’ ಕಾಯಿಲ್ ಸವೆತವನ್ನು ನಿಧಾನ ಮಾಡುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ.

ಒಳಗಿನ ಕಾಯಿಲ್‌ಗೆ ಕಡಲ ಗಾಳಿ ಅಷ್ಟಾಗಿ ತಾಗುವುದಿಲ್ಲ. ಅಲ್ಲಿ ಬೇರೆ ಶತ್ರುಗಳಿವೆ. ಹೊಸ ಪ್ಲೈವುಡ್, ಪೇಂಟ್, ಅಂಟು, ನೆಲ ಒರೆಸುವ ಕೆಲವು ದ್ರಾವಣಗಳಿಂದ ಹೊಮ್ಮುವ ಆಮ್ಲದ ಆವಿ ತಾಮ್ರದೊಳಗೆ ಇರುವೆ ಗೂಡಿನಂತೆ ಸಣ್ಣ ಸುರಂಗಗಳನ್ನು ಕೊರೆಯುತ್ತದೆ. ಹೊಸದಾಗಿ ಕಪಾಟು ಮಾಡಿಸಿದ ಕೋಣೆಯಲ್ಲಿ ಕಿಟಕಿ ತೆರೆದಿಡಿ ಎನ್ನುವುದು ಇದಕ್ಕೇ.

ಕಾಯಿಲ್ ಹೋಗಿದೆ ಎಂದರೆ ತಕ್ಷಣ ನಂಬಬೇಡಿ

ತಂಪು ಕಡಿಮೆಯಾದ ಮಾತ್ರಕ್ಕೆ ಗ್ಯಾಸ್ ಸೋರಿದೆ ಎಂದಲ್ಲ. ಫಿಲ್ಟರ್ ಕೊಳೆಯಾಗಿರಬಹುದು, ಹೊರಗಿನ ಕಾಯಿಲ್‌ನಲ್ಲಿ ಧೂಳು ತುಂಬಿರಬಹುದು, ವೋಲ್ಟೇಜ್ ಕಡಿಮೆ ಇರಬಹುದು, ಕೆಪಾಸಿಟರ್ ದುರ್ಬಲವಾಗಿರಬಹುದು. ಮೊದಲು ಇವನ್ನು ನೋಡಿಸಿ.

ನಿಜವಾಗಿಯೂ ಗ್ಯಾಸ್ ಕಡಿಮೆಯಾಗಿದ್ದರೆ ಸೋರುವ ಜಾಗ ತೋರಿಸಲು ಕೇಳಿ. ಕೊಳವೆಯೊಳಗೆ ನೈಟ್ರೋಜನ್ ಒತ್ತಡ ಕೊಟ್ಟು, ಜಾಯಿಂಟುಗಳ ಮೇಲೆ ಸೋಪಿನ ನೊರೆ ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಸೋರುವ ಜಾಗದಲ್ಲಿ ಎಣ್ಣೆಯ ಕಲೆಯೂ ಇರುವುದುಂಟು, ಏಕೆಂದರೆ ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಹೊರಬರುತ್ತದೆ.

ಎಷ್ಟೋ ಸಲ ಸೋರುವುದು ಕಾಯಿಲ್ ಅಲ್ಲ, ಒಳಗಿನ ಹೊರಗಿನ ಯೂನಿಟ್‌ಗಳನ್ನು ಸೇರಿಸುವ ಕೊಳವೆಯ ನಟ್ ಜಾಯಿಂಟ್. ಅದನ್ನು ಮತ್ತೆ ಸರಿಯಾಗಿ ಕೂರಿಸಿದರೆ ಗ್ಯಾಸಿನ ಹಣ ಬಿಟ್ಟು ಹೆಚ್ಚು ಖರ್ಚಾಗದು. ಈ ಒಂದು ಪರೀಕ್ಷೆ ಕೇಳಿದ್ದಕ್ಕೇ ಹತ್ತು ಸಾವಿರ ಉಳಿಯಬಹುದು.

ಖರ್ಚಿನ ಲೆಕ್ಕ

ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿಗೆ ಸಾಮಾನ್ಯವಾಗಿ ಆಗುವ ಖರ್ಚು ಹೀಗಿರುತ್ತದೆ. ಬ್ರ್ಯಾಂಡ್, ಮಾಡೆಲ್, ಊರು ನೋಡಿ ಹೆಚ್ಚು ಕಡಿಮೆಯಾಗುತ್ತದೆ.

- ಪೂರ್ತಿ ಗ್ಯಾಸ್ ತುಂಬಿಸಲು: 2,500ರಿಂದ 4,000 ರೂಪಾಯಿ
- ಕಣ್ಣಿಗೆ ಕಾಣುವ ಜಾಗದಲ್ಲಿ ಒಂದು ತೂತನ್ನು ಬೆಸುಗೆ ಹಾಕಿ ಮುಚ್ಚಲು: 1,000ರಿಂದ 2,000 ರೂಪಾಯಿ, ಗ್ಯಾಸ್ ಬೇರೆ
- ಒಳಗಿನ ಅಥವಾ ಹೊರಗಿನ ಒಂದು ಕಾಯಿಲ್: 6,000ರಿಂದ 14,000 ರೂಪಾಯಿ
- ಕಾಯಿಲ್ ಬಿಚ್ಚಿ ಜೋಡಿಸುವ ಕೂಲಿ: 1,000ರಿಂದ 2,000 ರೂಪಾಯಿ

ಕಾಯಿಲ್ ಬದಲಿಸುವಾಗ ಇದ್ದ ಗ್ಯಾಸನ್ನು ತೆಗೆಯಲೇಬೇಕು. ಹಾಗಾಗಿ ಹೊಸ ಗ್ಯಾಸಿನ ಹಣವೂ ಸೇರುತ್ತದೆ. ಫೋನಿನಲ್ಲಿ ‘ಕಾಯಿಲ್‌ಗೆ ಎಂಟು ಸಾವಿರ’ ಎಂದರೆ ಕೊನೆಗೆ ಬಿಲ್ 12,000ದಿಂದ 14,000ದವರೆಗೆ ಬರುವುದು ಈ ಕಾರಣಕ್ಕೆ. ‘ಕೂಲಿ, ಗ್ಯಾಸ್, ಟ್ಯಾಕ್ಸ್ ಎಲ್ಲ ಸೇರಿ ಎಷ್ಟು?’ ಎಂದೇ ಕೇಳಿ, ಬರೆದು ಕೊಡಲು ಹೇಳಿ.

ಈಗ ನಿರ್ಧಾರ. ಎಸಿ ಕೊಂಡು ಮೂರು ನಾಲ್ಕು ವರ್ಷವಾಗಿದ್ದು, ಕಂಪ್ರೆಸರ್ ಚೆನ್ನಾಗಿದ್ದು, ಒಂದೇ ಕಾಯಿಲ್ ಹಾಳಾಗಿದ್ದರೆ ಬದಲಿಸುವುದು ಲಾಭ. ಪ್ರತಿ ವರ್ಷ 3,000 ಕೊಟ್ಟು ಗ್ಯಾಸ್ ತುಂಬಿಸಿದರೆ ನಾಲ್ಕು ವರ್ಷಕ್ಕೆ 12,000 ಆಯಿತು, ಕಾಯಿಲ್ ಮಾತ್ರ ಹಾಗೇ ಸೋರುತ್ತಿರುತ್ತದೆ. ಜೊತೆಗೆ, ಮರಳಿ ಬರುವ ತಣ್ಣನೆಯ ಗ್ಯಾಸೇ ಕಂಪ್ರೆಸರನ್ನೂ ತಂಪಾಗಿಡುವುದು. ಗ್ಯಾಸ್ ಕಡಿಮೆ ಇರುವಾಗ ಓಡಿಸಿದರೆ ಅದೂ ಸುಟ್ಟುಹೋಗಬಹುದು.

ಎಸಿಗೆ ಏಳೆಂಟು ವರ್ಷವಾಗಿದ್ದು, ರಿಪೇರಿ ಖರ್ಚು ಹೊಸ ಎಸಿಯ ಬೆಲೆಯ ಅರ್ಧಕ್ಕೆ ಹತ್ತಿರ ಬಂದರೆ ಆ ಹಣವನ್ನು ಹೊಸದಕ್ಕೆ ಇಡುವುದು ಮೇಲು. 2025ರ ಸೆಪ್ಟೆಂಬರ್ 22ರಿಂದ ಎಸಿಗಳ ಮೇಲಿನ ಜಿಎಸ್‌ಟಿ 28 ಶೇಕಡಾದಿಂದ 18ಕ್ಕೆ ಇಳಿದಿದೆ. ಹಳೆಯ ಬೆಲೆ ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಬೇಡಿ.

ತಗಡು ಪೂರ್ತಿ ಪುಡಿಯಾಗಿರುವ ಕಾಯಿಲ್‌ಗೆ ಬೆಸುಗೆ ಹಾಕಿಸುವುದೂ ದಂಡ. ಇವತ್ತು ಒಂದು ತೂತು ಮುಚ್ಚಿದರೆ ತಿಂಗಳು ಬಿಟ್ಟು ಪಕ್ಕದಲ್ಲಿ ಇನ್ನೊಂದು.

ವಾರಂಟಿ ಕಾರ್ಡಿನ ಸಣ್ಣ ಅಕ್ಷರ

ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ‘10 ವರ್ಷ ವಾರಂಟಿ’ ಸಾಮಾನ್ಯವಾಗಿ ಕಂಪ್ರೆಸರ್‌ಗೆ ಮಾತ್ರ. ಕಾಯಿಲ್‌ಗೆ ಎಷ್ಟು ವರ್ಷ ಎಂದು ಬೇರೆಯಾಗಿ ನೋಡಬೇಕು. ಹಲವು ಕಾರ್ಡ್‌ಗಳಲ್ಲಿ ಉಪ್ಪು ಗಾಳಿಯಿಂದ ಆದ ತುಕ್ಕಿಗೆ ವಾರಂಟಿ ಇಲ್ಲ ಎಂಬ ಸಾಲು ಇರುತ್ತದೆ. ಕಡಲ ತೀರದವರು ಕೊಳ್ಳುವ ಮೊದಲೇ ಅಂಗಡಿಯವರಿಗೆ ಈ ಸಾಲು ತೋರಿಸಿ ಕೇಳಬೇಕು. ಭಾಗಕ್ಕೆ ವಾರಂಟಿ ಇದ್ದರೂ ಕೂಲಿ ಮತ್ತು ಗ್ಯಾಸ್ ನಿಮ್ಮದೇ ಎನ್ನುವ ಕಂಪನಿಗಳೂ ಇವೆ.

ವಾರಂಟಿ ಇದ್ದೂ ಸೇವೆ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಬಿಲ್ ಇಲ್ಲದಿದ್ದರೆ ವಾದ ಕಷ್ಟ. ಹಾಗಾಗಿ ಪ್ರತಿ ರಿಪೇರಿಯ ಬಿಲ್ಲನ್ನೂ ತೆಗೆದಿಡಿ.

ಅಮೆರಿಕ, ಕೆನಡಾದಲ್ಲಿ ಮಕ್ಕಳಿರುವವರಿಗೆ

ಚಳಿ ದೇಶಗಳಲ್ಲಿ ಮನೆ ಬಿಸಿ ಮಾಡಲು ಗ್ಯಾಸ್ ಉರಿಸುವ ಫರ್ನೇಸ್ ಇರುತ್ತದೆ. ಅದರಲ್ಲೂ ಬಿಸಿ ದಾಟಿಸುವ ಭಾಗವೊಂದಿದೆ, ಅದನ್ನು ‘ಹೀಟ್ ಎಕ್ಸ್‌ಚೇಂಜರ್’ ಎನ್ನುತ್ತಾರೆ. ನಮ್ಮ ಎಸಿಯ ಕಾಯಿಲ್ ಕೂಡ ಅದೇ ಜಾತಿಯದ್ದು. ಆದರೆ ಅಲ್ಲಿ ಬಿರುಕು ಬಿಟ್ಟರೆ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಸೇರಬಹುದು. ಅದು ಪ್ರಾಣಕ್ಕೇ ಅಪಾಯ. ಬದಲಿಸಲು ಸಾವಿರಾರು ಡಾಲರ್ ಆಗಬಹುದು, ಅದರಲ್ಲಿ ಕೂಲಿಯ ಪಾಲು ದೊಡ್ಡದು. ಅಲ್ಲಿ ಹಣದ ಲೆಕ್ಕಕ್ಕಿಂತ ಮೊದಲು ಫರ್ನೇಸ್ ಆರಿಸಬೇಕು, ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕು. ಇಲ್ಲಿಯೂ ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಇಟ್ಟುಕೊಂಡವರಿಗೆ ಇದೇ ಅಪಾಯ, ಇದೇ ಎಚ್ಚರ.

ಕಾಯಿಲ್ ಹೆಚ್ಚು ಕಾಲ ಬಾಳಬೇಕಾದರೆ

- ಹೊರಗಿನ ಯೂನಿಟ್ಟನ್ನು ಸಾಧ್ಯವಾದರೆ ಮೂಡು ಬದಿಯ ಗೋಡೆಗೆ ಹಾಕಿಸಿ. ಪಡು ಗಾಳಿ ನೇರ ಹೊಡೆಯದಿರಲಿ.
- ಮಳೆ ಉಪ್ಪನ್ನು ತೊಳೆಯುತ್ತದೆ. ಮಾಡಿನ ಕೆಳಗಿರುವ ಯೂನಿಟ್‌ಗೆ ಆ ಅನುಕೂಲ ಇಲ್ಲ. ಮೇನ್ ಸ್ವಿಚ್ ಆಫ್ ಮಾಡಿ, ತಿಂಗಳಿಗೊಮ್ಮೆ ಕಾಯಿಲ್ ಮೇಲೆ ಸಿಹಿನೀರನ್ನು ಮೆಲ್ಲಗೆ ಬಿಡಿ. ವಯರಿಂಗ್ ಇರುವ ಬದಿಗೆ ನೀರು ತಾಗದಿರಲಿ. ಜೋರು ಒತ್ತಡದ ಪೈಪಿನಿಂದ ತಗಡು ಮಡಚುತ್ತದೆ.
- ಬೇಸಿಗೆಯಲ್ಲಿ ತೀರದ ಕೆಲವು ಬಾವಿಗಳ ನೀರೇ ಉಪ್ಪಾಗುತ್ತದೆ. ಆ ನೀರಿನಿಂದ ತೊಳೆದರೆ ತೊಳೆಯದಿರುವುದೇ ವಾಸಿ.
- ಹೊರಗಿನ ಯೂನಿಟ್ಟಿಗೆ ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟಬೇಡಿ. ತೇವ ಒಳಗೇ ಉಳಿಯುತ್ತದೆ.
- ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ ಪಂಪ್ ಹಾಕಿ ಕೊಳವೆಯ ಗಾಳಿ, ತೇವ ತೆಗೆಯಬೇಕು. ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ, ಪಟ್ಟಿಯಲ್ಲಿ ಬರೆದಷ್ಟೇ ಹಾಕಬೇಕು. ಮೆಕ್ಯಾನಿಕ್ ಇವೆರಡನ್ನೂ ಮಾಡುತ್ತಾರೆಯೇ, ನಿಂತು ನೋಡಿ.

ಸೋರಿದ ಗ್ಯಾಸ್ ನಿಮ್ಮ ಜೇಬಿಗಷ್ಟೇ ಭಾರವಲ್ಲ. ಒಂದು ಕಿಲೋ ಆರ್-32, ನೂರು ವರ್ಷದ ಲೆಕ್ಕದಲ್ಲಿ, ಸುಮಾರು 675 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

‘ಪ್ರತಿ ವರ್ಷ ಗ್ಯಾಸ್ ತುಂಬಿಸಿ’ ಎನ್ನುವ ಸಂದೇಶ ತಪ್ಪು. ಗ್ಯಾಸ್ ಕಡಿಮೆಯಾಗಿದೆ ಎಂದರೆ ‘ಎಲ್ಲಿ ಸೋರುತ್ತಿದೆ, ತೋರಿಸಿ’ ಎಂದು ಕೇಳಿ. ಜಾಯಿಂಟ್ ಆದರೆ ಸರಿ ಮಾಡಿಸಿ, ಕಾಯಿಲ್ ಆದರೆ ಎಸಿಯ ವಯಸ್ಸು ಮತ್ತು ಒಟ್ಟು ಬಿಲ್ ನೋಡಿ ನಿರ್ಧರಿಸಿ. ಕಡಲ ಹತ್ತಿರ ಮನೆ ಇರುವ ನೆಂಟರಿಗೆ, ಹೊಸ ಎಸಿ ಕೊಳ್ಳುವ ಮೊದಲೇ, ವಾರಂಟಿ ಕಾರ್ಡಿನ ಸಣ್ಣ ಅಕ್ಷರ ಓದಲು ಹೇಳಿ.