ಮೊಬೈಲ್‌ಗೆ ಸಂದೇಶ ಬರಲಿಲ್ಲ: ಕಸ್ಬಾದ ನಕಲಿ ಲಸಿಕೆ ಶಿಬಿರ ಬಯಲಾಗಿದ್ದು ಹೇಗೆ?

ಕೋಲ್ಕತ್ತಾದ ಕಸ್ಬಾ ಪ್ರದೇಶದಲ್ಲಿ 2021ರ ಜೂನ್‌ನಲ್ಲಿ ಪತ್ತೆಯಾದ ನಕಲಿ ಕೋವಿಡ್ ಲಸಿಕೆ ಶಿಬಿರವನ್ನು ಸಾಮಾನ್ಯವಾಗಿ ವಂಚನೆ ಪ್ರಕರಣವಾಗಿಯೇ ನೋಡಲಾಗುತ್ತದೆ. ಸರ್ಕಾರಿ ಯೋಜನೆಯೊಂದನ್ನು ರೂಪಿಸುವಾಗ ಯಾರನ್ನು ಪರಿಶೀಲಿಸಬೇಕು, ಯಾರು ಪರಿಶೀಲಿಸಬೇಕು ಎಂಬ ಪ್ರಶ್ನೆಯನ್ನೂ ಅದು ಎತ್ತಿತ್ತು.

ಐಎಎಸ್ ಅಧಿಕಾರಿ ಎಂದು ಹೇಳಿಕೊಂಡ ವ್ಯಕ್ತಿಯೊಬ್ಬ ಉಚಿತ ಶಿಬಿರ ಏರ್ಪಡಿಸಿದ್ದ. ತೃತೀಯ ಲಿಂಗಿಗಳು ಮತ್ತು ಅಂಗವಿಕಲರಿಗಾಗಿ ವಿಶೇಷ ಶಿಬಿರ ಎಂದು ಹೇಳಿ ಜಾದವ್‌ಪುರದ ಅಂದಿನ ಸಂಸದೆ, ನಟಿ ಮಿಮಿ ಚಕ್ರವರ್ತಿ ಅವರನ್ನೂ ಆಹ್ವಾನಿಸಲಾಗಿತ್ತು. ಜನರಿಗೆ ಧೈರ್ಯ ತುಂಬಲು ಅವರು ಅಲ್ಲಿಯೇ ಚುಚ್ಚುಮದ್ದು ಹಾಕಿಸಿಕೊಂಡರು. ಆದರೆ ಮೊಬೈಲ್‌ಗೆ ಎಸ್ಎಂಎಸ್ ಬರಲಿಲ್ಲ. ಕೇಳಿದರೆ, ಪ್ರಮಾಣಪತ್ರ ಕೆಲ ದಿನಗಳಲ್ಲಿ ಬರುತ್ತದೆ ಎಂಬ ಉತ್ತರ. ಅನುಮಾನಗೊಂಡ ಅವರು ದೂರು ನೀಡಿದರು, ಜೂನ್ 23ರಂದು ಆರೋಪಿಯ ಬಂಧನವಾಯಿತು. ವಶಪಡಿಸಿಕೊಂಡ ಸೀಸೆಗಳಲ್ಲಿ ಕೋವಿಶೀಲ್ಡ್ ಲೇಬಲ್‌ನ ಕೆಳಗೆ ಅಮಿಕಾಸಿನ್ ಎಂಬ ಆಂಟಿಬಯೋಟಿಕ್‌ನ ಲೇಬಲ್ ಇತ್ತು.

ಕೋವಿನ್ ವ್ಯವಸ್ಥೆ ಹೇಗಿತ್ತು?

2021ರ ಜನವರಿ 16ರಂದು ಆರಂಭವಾದ ಲಸಿಕಾ ಅಭಿಯಾನ ಕೋವಿನ್ ಪೋರ್ಟಲ್ ಮೇಲೆ ನಿಂತಿತ್ತು. ಗುರುತಿನ ಚೀಟಿ ಪರಿಶೀಲನೆ, ಡೋಸ್ ದಾಖಲು, ಎಸ್ಎಂಎಸ್, ಕ್ಯೂಆರ್ ಕೋಡ್ ಇರುವ ಪ್ರಮಾಣಪತ್ರ ಇದರ ಹಂತಗಳು. ಸ್ಲಾಟ್ ಬುಕ್ ಮಾಡಿ ಲಸಿಕೆ ಪಡೆಯದೇ ಇದ್ದವರಿಗೂ 'ಲಸಿಕೆ ಆಗಿದೆ' ಎಂಬ ಸಂದೇಶ ಹೋಗುತ್ತಿದ್ದ ಕಾರಣ ಮೇ 8ರಿಂದ ನಾಲ್ಕು ಅಂಕಿಗಳ ಭದ್ರತಾ ಕೋಡ್ ಸೇರಿಸಲಾಯಿತು.

ಗಮನಿಸಬೇಕಾದ್ದು ಇಲ್ಲಿದೆ. ಈ ಕೋಡ್ ಫಲಾನುಭವಿ ಯಾರು ಎಂದು ಸಿಬ್ಬಂದಿಗೆ ತಿಳಿಸುತ್ತಿತ್ತೇ ಹೊರತು, ಸೂಜಿ ಹಿಡಿದವರು ಯಾರು ಎಂದು ಫಲಾನುಭವಿಗೆ ತಿಳಿಸುತ್ತಿರಲಿಲ್ಲ. ಪಿನ್ ಕೋಡ್ ಹಾಕಿ ಹತ್ತಿರದ ಕೇಂದ್ರಗಳನ್ನು ಹುಡುಕುವ ಸೌಲಭ್ಯ ಪೋರ್ಟಲ್‌ನಲ್ಲಿತ್ತು, ನಿಜ. ಲಸಿಕೆಯ ಅಭಾವದ ದಿನಗಳಲ್ಲಿ, ಮನೆ ಹತ್ತಿರವೇ ಉಚಿತ ಶಿಬಿರ ಎಂದಾಗ ಅದನ್ನು ತೆರೆದು ನೋಡುವವರು ಎಷ್ಟು ಮಂದಿ? ಜನರ ಕೈಯಲ್ಲಿ ಉಳಿದಿದ್ದ ಸುಲಭ ಪರೀಕ್ಷೆ ಎಸ್ಎಂಎಸ್ ಒಂದೇ. ಅದೂ ಚುಚ್ಚುಮದ್ದು ದೇಹ ಸೇರಿದ ಮೇಲೆ.

ಮುಂಬೈನಲ್ಲಿ ಪ್ರಮಾಣಪತ್ರವೂ ಬಂತು

ಎಸ್ಎಂಎಸ್ ಅಥವಾ ಪ್ರಮಾಣಪತ್ರ ಬಂದರೆ ಸಾಕು ಎನ್ನುವಂತೆಯೂ ಇರಲಿಲ್ಲ. ಮುಂಬೈನ ಕಾಂದಿವಲಿಯ ವಸತಿ ಸಮುಚ್ಚಯವೊಂದರಲ್ಲಿ ಮೇ 30ರಂದು ನಡೆದ ನಕಲಿ ಶಿಬಿರದಲ್ಲಿ 390 ನಿವಾಸಿಗಳು ತಲಾ 1,260 ರೂಪಾಯಿ ಕೊಟ್ಟಿದ್ದರು. ಅಲ್ಲಿ ಪ್ರಮಾಣಪತ್ರಗಳು ಬಂದವು, ಆದರೆ ಬೇರೆ ಬೇರೆ ಆಸ್ಪತ್ರೆಗಳ ಹೆಸರಿನಲ್ಲಿ. ಕಸ್ಬಾದಲ್ಲಿ ದಾಖಲೆಯೇ ಇಲ್ಲದ್ದರಿಂದ ಹೊಸದಾಗಿ ಲಸಿಕೆ ಪಡೆಯಲು ಪೋರ್ಟಲ್ ಅಡ್ಡಿಯಾಗುತ್ತಿರಲಿಲ್ಲ. ಕಾಂದಿವಲಿಯಲ್ಲಿ ಹಾಗಲ್ಲ, ಸುಳ್ಳು ದಾಖಲೆ ರದ್ದಾಗುವವರೆಗೆ ಪೋರ್ಟಲ್‌ನ ಲೆಕ್ಕದಲ್ಲಿ ಅವರು ಲಸಿಕೆ ಪಡೆದವರೇ.